ಅವ್ವನ ಮಂಚದ ಮೇಲೆ ಮೂರುನೂರ ಇಪ್ಪತ್ನಾಲ್ಕು

ಮಚ್ಛೆಯ ಫೌಂಡ್ರಿಗಳನ್ನು ದಾಟುವಾಗ ಬಸ್ಸಿನ ಕಿಟಕಿಯಿಂದ ಕಾದ ಕಬ್ಬಿಣದ ವಾಸನೆ, ಮಡಿಲಲ್ಲಿ ಫೋನು ಗುರ್ ಎಂದಿತು, ಓದಿದ್ದನ್ನು ಮರೆಯದಂತೆ ದಿನವೂ ಪ್ರಶ್ನೆ ಕೇಳುವ ಆ್ಯಪು, ಇಂದಿನ ಕಾರ್ಡು ನಲವತ್ತೊಂದು, ಬಂದ ನೋಡು ಕರೆಯದ ನೆಂಟ, ಇವತ್ತು ಅವ್ವ ತೀರಿ ವರ್ಷ, ಎಡೆ ಇಡುವ ದಿನ, ಅದಕ್ಕೇನು ಗೊತ್ತು, ಪ್ರಮಿಳಾ ಒತ್ತಿದಳು, ಒತ್ತದೆ ಇರಲಾಗದು, ಗೊತ್ತಿದ್ದ ಕಾರ್ಡು ತಿಂಗಳಿಗೊಮ್ಮೆ ಬರುತ್ತದೆ, ಮರೆತದ್ದು ನಾಳೆಯೇ — ಮರಿಯೂಕಿಂತ ಮೊದಲ ಮತ್ತೊಮ್ಮೆ ಓದಬೇಕ್ರಿ, ಅರಿಹಂತ ಸರ್ ಹೇಳಿದ್ದು, ಬೆಳಗಾವಿಯ ಕೋಚಿಂಗ್ ಕ್ಲಾಸಿನಲ್ಲಿ, ತಾನು ಮೂರು ಸಲ ಕೆಎಎಸ್ ಬರೆದು ಮೂರು ಸಲವೂ ಮಣ್ಣು ಮುಕ್ಕಿದವ, ಈಗ ನೆನಪಿನ ವ್ಯಾಪಾರಿ, ಬರೇ ಕಾರ್ಡು ಸಾಲಂಗಿಲ್ರಿ, ಒಂದೊಂದಕ್ಕೂ ನಿಮ್ಮ ಮನ್ಯಾಗ ಒಂದು ಜಾಗಾ ಕೊಡ್ರಿ, ನೆನಪಿನ ಅರಮನಿ ಕಟ್ರಿ. ಅರಮನೆಯಂತೆ! ಖಾನಾಪುರದ ಎರಡು ಕೋಣೆಯ ಹಂಚಿನ ಮನೆಗೆ ಬಂದು ನೋಡಬೇಕಿತ್ತು ಆ ಮಹಾರಾಯ, ಹೊಸ್ತಿಲಿಗೆ ರಾಷ್ಟ್ರಪತಿ, ಬಚ್ಚಲಿಗೆ ರಾಜ್ಯಪಾಲ, ಒಲೆಯ ಮೇಲೆ ತುರ್ತುಪರಿಸ್ಥಿತಿ, ಜಾಗವೆಲ್ಲ ಮುಗಿದು ಉಳಿದದ್ದು ಮೂಲೆಯ ಮಂಚ, ಅದರ ಮೇಲೆ ಕಾಯಿಲೆಯ ಅವ್ವ, ಇದ್ದರೇನಂತೆ, ಅಲ್ಲೇ ತಂದು ನಿಲ್ಲಿಸಿದಳು ಕೋಣವನ್ನು — ಮೂರು ಕೋಡು, ಎರಡು ಬಾಲ, ನಾಲ್ಕು ಕಾಲು, ಬೆನ್ನ ಮೇಲೆ ಮತಪೆಟ್ಟಿಗೆ, ಮೂರುನೂರ ಇಪ್ಪತ್ನಾಲ್ಕನೆಯ ವಿಧಿ, ಚುನಾವಣಾ ಆಯೋಗ. ಚಿತ್ರ ವಿಚಿತ್ರ ಇದ್ದಷ್ಟೂ ನೆನಪು ಗಟ್ಟಿರಿ. ಗಟ್ಟಿಯೇ ಮತ್ತೆ, ಅವ್ವನ ತಲೆದಿಂಬು ತುಳಿದು ನಿಂತಿತಲ್ಲ, ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೂ ಇಲ್ಲ.

ಮತ್ತೆ ಫೋನು, ಈ ಸಲ ಕಾರ್ಡಲ್ಲ, ಅವ್ವನ ತಂಗಿ ಪದ್ಮವ್ವ — ಪ್ರಮಿಳಾ, ಎಲ್ಲಿದ್ದೀಬೇ, ಅಕ್ಕ ಕಡೀಕ ಏನೋ ತಿನ್ನಾಕ ಬೇಡಿದ್ಲು ಅಂತ ನೀನ ಅಂದಿದ್ದಿ, ಏನದು, ಎಡಿಗೆ ಅದ ಬೇಕವಾ, ಒಲಿ ಹೊತ್ತಿಸಿ ಕುಂತೇನಿ. ಬಂದ್ ಹೇಳ್ತೇನಿ ಸಣ್ಣವ್ವಾ. ಏನು ಹೇಳುತ್ತಾಳೆ, ಮಣ್ಣು, ಅವತ್ತು ಅವ್ವನ ಬದಿಗೆ ಇವಳೊಬ್ಬಳೇ, ಬೇಡಿದ್ದನ್ನು ಕಿವಿಯಾರೆ ಕೇಳಿದ್ದಳು, ಕೈಯಲ್ಲಿ ಫೋನಿತ್ತು, ಅದರಲ್ಲಿ ಈ ಕೋಣದ ಕಾರ್ಡು, ತಡಿಬೇ ಅವ್ವಾ, ಇದೊಂದು ಮುಗೀಲಿ — ಅಂದವಳು ತಾನೇ, ಅರಿಹಂತ ಸರ್ ಅಲ್ಲ, ಆ ಬಡಪಾಯಿಯನ್ನು ಬೈದು ಏನು ಬಂತು, ಉಗಿಯಬೇಕಾದದ್ದು ಈ ಮುಖಕ್ಕೆ, ಮುಗಿಯುವಷ್ಟರಲ್ಲಿ ಅವ್ವ ನಿದ್ದೆ ಹೋಗಿದ್ದಳು, ಬೆಳಿಗ್ಗೆ ಏಳಲಿಲ್ಲ. ಕೋಣದ ಕಾರ್ಡು ಮಾತ್ರ ಮರುದಿನ ಬಂತು, ಮೂರು ದಿನ ಬಿಟ್ಟು ಬಂತು, ವಾರಕ್ಕೆ, ತಿಂಗಳಿಗೆ, ಅವ್ವನ ಮಾತನ್ನು ಮತ್ತೆ ನೆನಪಿಸಲು ಯಾವ ಕಾರ್ಡೂ ಬರಲಿಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುವುದು ಇಂಥ ನೆನಪಿಗೇ, ಇಡೀ ದೇಶದ ಸಂವಿಧಾನ ನಾಲಗೆಯ ತುದಿಯಲ್ಲಿ, ಹೆತ್ತವಳು ಬೇಡಿದ ತುತ್ತು ನೆನಪಿಲ್ಲ. ಕಣ್ಣು ಮುಚ್ಚಿ ಹೊಸ್ತಿಲು ದಾಟುತ್ತಾಳೆ, ರಾಷ್ಟ್ರಪತಿಯನ್ನು ಬದಿಗೆ ತಳ್ಳಿ, ಒಲೆ ದಾಟಿ, ಮೂಲೆಗೆ — ಹುಗ್ಗಿಯೋ, ಪುಂಡಿಪಲ್ಲೆಯೋ, ಅವ್ವ ಅಂದದ್ದು ಎರಡೇ ಶಬ್ದ, ಎರಡೇ, ಒಣಗಿದ ತುಟಿ, ಅದೋ ಅಲುಗಿತು, ಹೇಳಬೇ ಅವ್ವಾ, ಕೇಳಾಕತ್ತೇನಿ, ಈಗ ಹೇಳ — ಖಾನಾಪುರ, ಖಾನಾಪುರ, ಇಳೀರಿ ಲಗೂ ಲಗೂ, ಕಂಡಕ್ಟರ್ ಕೂಗುತ್ತಾನೆ, ಮಂಚದ ಮೇಲೆ ಅಲುಗುತ್ತಿರುವುದು ತುಟಿಯಲ್ಲ, ಕೋಣದ ಬಾಯಿ, ಮೂರು ಕೋಡಿನ ಕೋಣ, ಮೆಲುಕು ಹಾಕುತ್ತಿದೆ, ಕೋಣ