ನೋರ್ಬರ್ಟ್ ಇಟ್ಟುಕೊಂಡ ಮರಿ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೊರಟ ಶನಿವಾರದ ಬೆಳಗಿನ ವಿಮಾನದಲ್ಲಿ ಸೆಡ್ರಿಕ್ ತನ್ನ ಕಿಟಕಿ ಸೀಟನ್ನು ನೋರ್ಬರ್ಟ್‌ಗೆ ಬಿಟ್ಟುಕೊಟ್ಟ. ಅಷ್ಟು ಸಾಲದೆಂಬಂತೆ, ಕೈಯಲ್ಲಿದ್ದ ಮಫಿನ್‌ನಲ್ಲಿ ಅರ್ಧ ಮುರಿದು ಕೊಟ್ಟ. ಹದಿನಾರು ವರ್ಷದ ಸ್ನೇಹದಲ್ಲಿ ಸೆಡ್ರಿಕ್ ಕೇಳದೆ ಏನನ್ನಾದರೂ ಕೊಟ್ಟದ್ದು ನೋರ್ಬರ್ಟ್‌ಗೆ ನೆನಪಿರಲಿಲ್ಲ. ಬೇರೆ ದಿನವಾಗಿದ್ದರೆ ಇದೇನು ವಿಶೇಷ ಎಂದು ಕೇಳಿಯೇ ಬಿಡುತ್ತಿದ್ದ. ಈ ದಿನ ಅವನಿಗೆ ಕೇಳುವಷ್ಟು ಶಕ್ತಿಯಿರಲಿಲ್ಲ. ಮಫಿನ್ ತಿಂದ, ಕಿಟಕಿಗೆ ಹಣೆ ಆನಿಸಿದ, ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ.

ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಇಂದ್ರೇಶನ ಮನೆಯಲ್ಲಿ ಚಿನ್ನಿದಾಂಡು ಲೀಗಿನ ಎಂಟು ಜನ ಸೇರುತ್ತಾರೆ. ಹೆಸರು ಚಿನ್ನಿದಾಂಡು, ಆಟ ಬೇಸ್‌ಬಾಲ್, ಆಡುವವರು ಅಮೆರಿಕದಲ್ಲಿ, ಜಗಳ ಮಾತ್ರ ಇಲ್ಲಿ. ಅಲ್ಲಿನ ಆಟಗಾರರನ್ನು ಇವರು ಸರದಿಯ ಪ್ರಕಾರ ಆರಿಸಿಕೊಂಡು ಒಬ್ಬೊಬ್ಬರೂ ಒಂದು ಕಾಗದದ ತಂಡ ಕಟ್ಟುತ್ತಾರೆ. ಅವರು ಅಲ್ಲಿ ಚೆನ್ನಾಗಿ ಆಡಿದರೆ ಇವರಿಗೆ ಇಲ್ಲಿ ಅಂಕ. ಈ ಆರಿಸುವ ದಿನಕ್ಕೆ ಡ್ರಾಫ್ಟ್ ಎಂದು ಹೆಸರು. ಮೊದಲ ವರ್ಷ ಅದನ್ನು ವೆಬ್‌ಸೈಟಿನಲ್ಲೇ ಮಾಡಲು ಹೋಗಿ ನೋರ್ಬರ್ಟ್ ‘ಭಾನುವಾರ ಮಧ್ಯಾಹ್ನ ಎರಡು ಗಂಟೆ’ ಎಂದು ತುಂಬಿದ್ದ. ಸೈಟು ಅದನ್ನು ಅಮೆರಿಕದ ಎರಡು ಗಂಟೆ ಎಂದು ತಿಳಿಯಿತು. ಎಂಟು ಜನ ಬಿರಿಯಾನಿ ಎದುರಿಗಿಟ್ಟುಕೊಂಡು ಸಂಜೆಯ ತನಕ ಏನೂ ಆಗದ ಪರದೆಯನ್ನು ನೋಡಿದರು. ಸೋಮವಾರ ಅವರು ಏಳುವಷ್ಟರಲ್ಲಿ ಕಂಪ್ಯೂಟರೇ ಎಂಟೂ ತಂಡಗಳನ್ನು ಆರಿಸಿ ಮುಗಿಸಿತ್ತು. ಅಂದಿನಿಂದ ಡ್ರಾಫ್ಟು ನಡೆಯುವುದು ಇಂದ್ರೇಶನ ಹಾಲ್‌ನ ಗೋಡೆಗೆ ಅಂಟಿಸಿದ ದೊಡ್ಡ ಚಾರ್ಟ್ ಕಾಗದದ ಮೇಲೆ, ಮಾರ್ಕರ್ ಪೆನ್ನಿನಲ್ಲಿ.

ಲೀಗಿನ ನಿಯಮಗಳನ್ನೆಲ್ಲ ಬರೆದವನು ನೋರ್ಬರ್ಟ್. ಸಿಡ್ನಿಯ ಪ್ಯಾರಮಟ್ಟಾದ ಒಂದು ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವುದು ಅವನ ಕೆಲಸ. ನಿಯಮ ಬರೆಯುವುದೆಂದರೆ ಅವನಿಗೆ ಊಟದಷ್ಟೇ ಇಷ್ಟ. ಅವುಗಳಲ್ಲಿ ಎಲ್ಲರಿಗೂ ಪ್ರಿಯವಾದದ್ದು ಮರಿಯ ನಿಯಮ. ಇನ್ನೂ ದೊಡ್ಡ ಲೀಗು ಮುಟ್ಟದ, ಕೆಳಗಿನ ತಂಡಗಳಲ್ಲಿ ಬೆಳೆಯುತ್ತಿರುವ ಒಬ್ಬ ಹುಡುಗನನ್ನು ಪ್ರತಿಯೊಬ್ಬರೂ ‘ಮರಿ’ ಎಂದು ವರ್ಷದಿಂದ ವರ್ಷಕ್ಕೆ ಇಟ್ಟುಕೊಳ್ಳಬಹುದು. ಡ್ರಾಫ್ಟಿಗೆ ಮೊದಲು ಒಬ್ಬೊಬ್ಬರೂ ‘ಇಟ್ಟೆ’ ಅಥವಾ ‘ಬಿಟ್ಟೆ’ ಎಂದು ಬಾಯಿಬಿಟ್ಟು ಹೇಳಬೇಕು. ಬಿಟ್ಟರೆ ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಿ ಹೆಸರನ್ನು ತಾನೇ ಹೊಡೆದುಹಾಕಬೇಕು. ಯಾವ ಕ್ಲಬ್ಬಿನಲ್ಲೂ ಇಲ್ಲದ ಹುಡುಗನನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ.

ನೋರ್ಬರ್ಟ್‌ನ ಮರಿ ಅವನ ಮಗ ಆಶ್ಲೆ. ಸಿಡ್ನಿಯ ಟೂಂಗಾಬಿ ಮೈದಾನದಲ್ಲಿ ಎಡಗೈಯಿಂದ ಚೆಂಡೆಸೆಯಲು ಕಲಿತ ಹುಡುಗನನ್ನು ಹದಿನೆಂಟನೆಯ ವಯಸ್ಸಿಗೆ ಅಮೆರಿಕದ ಒಂದು ಕ್ಲಬ್ಬು ಕರೆದುಕೊಂಡಿತ್ತು. ನಾಲ್ಕು ವರ್ಷವಾಯಿತು, ಅವನಿನ್ನೂ ಅತಿ ಕೆಳಗಿನ ತಂಡದಲ್ಲೇ ಇದ್ದ. ಪ್ರತಿ ಡ್ರಾಫ್ಟಿನ ದಿನ ಎಲ್ಲಿದ್ದರೂ ಅವನಿಂದ ಒಂದು ಮೆಸೇಜು ಬರುತ್ತಿತ್ತು: ಯಾರನ್ನು ಇಟ್ಟೆ? ನೋರ್ಬರ್ಟ್ ಉತ್ತರಿಸುತ್ತಿದ್ದ: ನಿನ್ನನ್ನೇ.

ಆಶ್ಲೆ ಫೋನು ಮಾಡಿದ್ದು ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ನೋರ್ಬರ್ಟ್ ಊಟದ ಡಬ್ಬಿ ತೆರೆಯುತ್ತಿದ್ದಾಗ. ಮನೆಯ ಮಾತೆಲ್ಲ ಮಗನಿಗೆ ಅರ್ಥವಾಗುತ್ತದೆ, ನಾಲಗೆಗೆ ಬರುವುದು ಇಂಗ್ಲಿಷ್ ಮಾತ್ರ. ಕ್ಲಬ್ಬಿನವರು ಬೆಳಿಗ್ಗೆ ಕರೆಸಿ ಬಿಡುಗಡೆ ಮಾಡಿದರು, ಎರಡು ನಿಮಿಷದಲ್ಲಿ ಮುಗಿಯಿತು ಎಂದ. ಕೈ ನೋವಿಲ್ಲ, ಜಗಳವಿಲ್ಲ. ಅವನ ಚೆಂಡಿಗೆ ಬೇಕಾದಷ್ಟು ವೇಗವಿಲ್ಲ, ಇನ್ನು ಬರುವುದೂ ಇಲ್ಲ, ಅಷ್ಟೇ. ಮಗ ಎರಡು ವಿಷಯ ಕೇಳಿಕೊಂಡ. ಒಂದು, ಮಮ್ಮಿಗೆ ಹೇಳಬೇಡ, ನಾನೇ ಹೇಳುತ್ತೇನೆ. ಎರಡನೆಯದು: “ಡೋಂಟ್ ಕೀಪ್ ಮಿ ದಿಸ್ ಇಯರ್, ಡ್ಯಾಡ್. ಐ ಆ್ಯಮ್ ಟೈರ್ಡ್.”

“ಟಿಕೆಟ್ ಬುಕ್ ಮಾಡಿದ್ಯಾ?” ಎಂದು ಕೇಳಿದ ನೋರ್ಬರ್ಟ್. ಭಾನುವಾರ ಬೆಳಿಗ್ಗೆ ಸಿಡ್ನಿಗೆ ಬರುತ್ತೇನೆ ಎಂದ ಆಶ್ಲೆ.

ಫೋನು ಇಟ್ಟ ನೋರ್ಬರ್ಟ್ ಊಟ ಮಾಡಲಿಲ್ಲ. ಮಗನ ಹಳೆಯ ಅಂಕಿಗಳನ್ನೆಲ್ಲ ಸೇರಿಸಿ ಬೇರೆ ಮೂರು ಕ್ಲಬ್ಬುಗಳಿಗೆ ಇಮೇಲ್ ಬರೆದ. ಆಶ್ಲೆಯನ್ನು ಕೇಳಲಿಲ್ಲ. ಯಾವುದಾದರೂ ಒಂದು ಕ್ಲಬ್ಬು ಹೂಂ ಎಂದರೆ ಎಲ್ಲ ಸರಿಹೋಗುತ್ತದೆ. ಅಲ್ಲಿಯ ತನಕ ಚಾರ್ಟಿನ ಮೇಲೆ ಹೆಸರು ಇರಲೇಬೇಕು. ಹೆಸರು ಹೊಡೆದರೆ ಮುಗಿದೇ ಹೋಯಿತು ಎಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಐವತ್ತೆರಡು ವರ್ಷದ ಮನುಷ್ಯ, ತಾನೇ ಬರೆದ ನಿಯಮವನ್ನು ತಾನೇ ಮುರಿಯಲು ಹೊರಟಿದ್ದ. ಸಂಜೆ ಮನೆಯಲ್ಲಿ ಹೆಂಡತಿ ಇನೇಜ್‌ಳ ಮುಖ ನೋಡಲಾಗದೆ ತಲೆನೋವೆಂದು ಹೇಳಿ ಮಲಗಿದ. ಗಂಟಲಲ್ಲಿ ಬಿಸಿತುಪ್ಪ ಇಟ್ಟುಕೊಂಡು ಬೆಳಗು ಮಾಡಿದ್ದ.

ಗ್ಲೆನ್ ವೇವರ್ಲಿಯ ಮನೆಯಲ್ಲಿ ಇಂದ್ರೇಶ ಬಾಗಿಲಲ್ಲೇ ಕಾಯುತ್ತಿದ್ದ. ಹಾಸನದ ಹುಡುಗ, ಓದಲು ಬಂದಾಗ ಎರಡು ವರ್ಷ ನೋರ್ಬರ್ಟ್‌ನ ಮನೆಯಲ್ಲೇ ಬಾಡಿಗೆಗಿದ್ದ. ಶನಿವಾರಗಳಲ್ಲಿ ಆಶ್ಲೆಯ ಕಿಟ್ ಬ್ಯಾಗು ಹೊತ್ತು ಮೈದಾನಕ್ಕೆ ಹೋಗಿಯೇ ಬೇಸ್‌ಬಾಲ್ ಕಲಿತವನು. ಈಗ ಇಲ್ಲೇ ಖಾಯಂ ನೆಲೆಸಲು ಪಿಆರ್ ಆಗಿ, ಮದುವೆಯಾಗಿ, ಮನೆಗೆ ಮಾರ್ಟ್‌ಗೇಜೂ ಆಗಿತ್ತು.

“ಬನ್ನಿ ಅಂಕಲ್, ಬನ್ನಿ. ಶೂ ಬಿಚ್ಬೇಡಿ, ಪರ್ವಾಗಿಲ್ಲ. ಸೋಫಾ ಮೇಲೆ ಕೂತ್ಕೊಳ್ಳಿ,” ಎಂದ.

ಆ ಮನೆಯಲ್ಲಿ ಶೂ ಬಿಚ್ಚದೆ ಒಳಗೆ ಬಂದವರನ್ನು ಇಂದ್ರೇಶನ ಹೆಂಡತಿ ನಿಹಾರಿಕಾ ಸುಮ್ಮನೆ ಬಿಟ್ಟದ್ದೇ ಇಲ್ಲ. ಇವತ್ತು ಅವಳೂ ಏನೂ ಅನ್ನಲಿಲ್ಲ, ಕಾಫಿ ತಂದುಕೊಟ್ಟಳು. ನೋರ್ಬರ್ಟ್ ಆದರೂ ಶೂ ಬಿಚ್ಚಿದ.

ಡ್ರಾಫ್ಟು ಶುರುವಾಗುವುದು ನೋರ್ಬರ್ಟ್‌ನ ಪಟ್ಟಿಯಿಂದ. ‘ಈ ವರ್ಷ ಕಣ್ಣಿಡಬೇಕಾದ ಹುಡುಗರು’ ಎಂದು ಬೇಸಿಗೆಯೆಲ್ಲ ಕೂತು ಅವನು ತಯಾರಿಸುವ ಪಟ್ಟಿ; ಹತ್ತು ಹೆಸರು, ಹೆಸರಿಗೊಂದು ಸಾಲು. ಎಲ್ಲರೂ ಪೆನ್ನು ಹಿಡಿದು ಬರೆದುಕೊಳ್ಳುತ್ತಾರೆ. ಅವನು ಕನ್ನಡಕ ಏರಿಸಿ ಓದತೊಡಗಿದ.

“ಯಾದಿಯೆಲ್ ಕಾರಾಬಾಯೊ, ಹತ್ತೊಂಬತ್ತು. ಕಾಲು ಜೋರು, ಕಣ್ಣು ಒಳ್ಳೇದು. ತಗೊಳ್ಳಿ. ಟಕರ್ ಲಿಂಡ್‌ಹೋಮ್, ಇಪ್ಪತ್ತೊಂದು. ಬಲ ಉಂಟು, ತಲೆ ಇಲ್ಲ. ಕಾಯ್ಬಹುದು. ಡೆಶಾನ್ ಪ್ರುಯಿಟ್, ಇಪ್ಪತ್ತಮೂರು. ಮೂರು ವರ್ಷದಿಂದ ಅಲ್ಲೇ ಇದ್ದಾನೆ. ಇನ್ನು ಏರುದಿಲ್ಲ. ಬಿಡಿ.”

‘ಬಿಡಿ’ ಎಂದ ಮೇಲೆ ಮುಂದಿನ ಹೆಸರು ಓದಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಈ ಪ್ರುಯಿಟ್‌ಗೂ ಎಲ್ಲೋ ಒಬ್ಬ ಅಪ್ಪ ಇರುತ್ತಾನೆ. ಲೀಗಿನ ಈ ಏಳು ವರ್ಷದಲ್ಲಿ ಎಷ್ಟು ಹುಡುಗರನ್ನು ಹೀಗೆ ಒಂದೊಂದು ಸಾಲಿನಲ್ಲಿ ಮುಗಿಸಿದ್ದೇನೆ ಎಂದು ಲೆಕ್ಕ ಹಾಕಲು ಅವನಿಗೆ ಧೈರ್ಯವಾಗಲಿಲ್ಲ. ಮೊನ್ನೆ ಯಾವನೋ ಒಬ್ಬ ಇದೇ ಥರ ಕನ್ನಡಕ ಏರಿಸಿ, ‘ಆಶ್ಲೆ, ಇಪ್ಪತ್ತೆರಡು, ವೇಗ ಸಾಲದು’ ಎಂದು ಓದಿರಬೇಕು. ಅವನೂ ಕೆಟ್ಟವನೇನಲ್ಲ, ತನ್ನಂತೆಯೇ ಸಂಬಳಕ್ಕೆ ದುಡಿಯುವವನು. ಸಾಲೂ ಸರಿಯಾಗಿಯೇ ಇತ್ತು. ನೋರ್ಬರ್ಟ್‌ಗೆ ಸಂಕಟವಾದದ್ದು ಅದು ಸರಿಯಾಗಿದ್ದಕ್ಕೇ.

ಪಟ್ಟಿ ಮುಗಿಯಿತು. ನಿಹಾರಿಕಾ ಮಾರ್ಕರ್ ಹಿಡಿದು ಚಾರ್ಟಿನ ಪಕ್ಕ ನಿಂತಳು. ಮರಿಗಳ ಸರದಿ. ಗೆಳೆಯರಲ್ಲೊಬ್ಬನಾದ ಬದರಿನಾಥ ಇಟ್ಟೆ ಎಂದ. ಸೆಡ್ರಿಕ್ ಬಿಟ್ಟೆ ಎಂದ. ಅವನ ಮರಿಯ ಮೊಣಕಾಲು ಮುರಿದಿತ್ತು. ಕೊನೆಗೆ ಉಳಿದವನು ನೋರ್ಬರ್ಟ್. ಸುಳ್ಳು ಹೇಳಲು ಅವನು ಬಾಯಿ ತೆರೆದ.

“ನೋರ್ಬರ್ಟ್ ಅಂಕಲ್‌ದು ಅದೇ, ಆಶ್ಲೆ. ಬರ್ದಾಯ್ತು,” ಎಂದಳು ನಿಹಾರಿಕಾ. ನಿಜಕ್ಕೂ ಬರೆದಾಗಿತ್ತು. ಅವಳು ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದಳು.

ನೋರ್ಬರ್ಟ್ ಬಾಯಿ ಮುಚ್ಚಿ ಕಾದ. ಪ್ರತಿ ವರ್ಷ ಈ ಕ್ಷಣಕ್ಕೆ ಸರಿಯಾಗಿ ಬದರಿನಾಥ ತೊಡೆ ತಟ್ಟಿಕೊಂಡು “ಹೆತ್ತವರಿಗೆ ಹೆಗ್ಗಣ ಮುದ್ದು!” ಎಂದು ಕೂಗುತ್ತಾನೆ, ಎಲ್ಲರೂ ನಗುತ್ತಾರೆ, ನೋರ್ಬರ್ಟ್ ಅವನ ಮೇಲೆ ದಿಂಬು ಎಸೆಯುತ್ತಾನೆ. ಬೇಡವೆಂದರೂ ನಿಲ್ಲದ ಬಾಯಿ ಅದು. ಇವತ್ತು ಬದರಿನಾಥ ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಸಣ್ಣಸಣ್ಣಗೆ ಮುರಿಯುತ್ತಾ ಕೂತಿದ್ದ.

ದಿಂಬಿನ ಮೇಲೆ ಕೈಯಿಟ್ಟಿದ್ದ ನೋರ್ಬರ್ಟ್‌ಗೆ ಆಗ ತಿಳಿಯಿತು. ಕಿಟಕಿ ಸೀಟು, ಮಫಿನ್, ಶೂ, ಎಲ್ಲವೂ ಒಟ್ಟಿಗೇ ತಿಳಿಯಿತು.

“ಯಾರಿಗೆಲ್ಲ ಗೊತ್ತುಂಟು?” ಎಂದು ಕೇಳಿದ.

ಇಂದ್ರೇಶ ನೆಲ ನೋಡುತ್ತಾ ಹೇಳಿದ: “ಎಲ್ರಿಗೂ ಅಂಕಲ್. ಬೆಳಿಗ್ಗೆ ಪೇಜ್‌ನಲ್ಲಿ ಬಂತಲ್ಲ. ಹಲ್ಲುಜ್ಜೋಕ್ ಮುಂಚೆ ಅದನ್ನ ಓದ್ಬೇಕು ಅಂತ ನೀವೇ ಅಲ್ವಾ ನಮಗೆ ಕಲ್ಸಿದ್ದು?”

ಯಾವ ಕ್ಲಬ್ಬು ಯಾರನ್ನು ಸೇರಿಸಿಕೊಂಡಿತು, ಯಾರನ್ನು ಬಿಟ್ಟಿತು ಎಂದು ದಿನವೂ ಸಣ್ಣ ಅಕ್ಷರದಲ್ಲಿ ಹಾಕುವ ಪುಟ ಅದು. ಏಳು ವರ್ಷ ಒಂದು ದಿನವೂ ತಪ್ಪಿಸದೆ ಓದಿದವನು ಇವತ್ತೊಂದು ದಿನ ನೋಡಲು ಹೆದರಿ ತೆರೆದಿರಲಿಲ್ಲ. ತಾನು ತೆರೆಯದಿದ್ದರೆ ಯಾರೂ ತೆರೆಯುವುದಿಲ್ಲ ಎಂದುಕೊಂಡಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

“ಜೋವಿಟಾಗೂ ಹೇಳ್ಲಿಲ್ಲ ಮಾರಾಯ,” ಎಂದ ಸೆಡ್ರಿಕ್. ಜೋವಿಟಾ ಅವನ ಹೆಂಡತಿ, ಇನೇಜ್‌ಳ ಗೆಳತಿ. “ಇನೇಜ್‌ಗೆ ನಮ್ಮಿಂದ ಗೊತ್ತಾಗುದಿಲ್ಲ. ಅದು ಚಿಂತೆ ಮಾಡ್ಬೇಡ ನೀನು.”

“ಈ ವರ್ಷ ಇರ್ಲಿ ಬಿಡಿ ಅಂಕಲ್,” ಎಂದ ಇಂದ್ರೇಶ. “ರೂಲು ಗೀಲು ಯಾರ್ ಕೇಳ್ತಾರೆ ಇಲ್ಲಿ?”

ಹೋದ ವರ್ಷ ಇದೇ ಹಾಲ್‌ನಲ್ಲಿ ಇದೇ ಇಂದ್ರೇಶ, ತನ್ನ ಮರಿಯನ್ನು ಕ್ಲಬ್ಬು ಬಿಟ್ಟಿದೆ, ಇನ್ನೊಂದು ಕ್ಲಬ್ಬು ತೆಗೆದುಕೊಳ್ಳಬಹುದು, ಎರಡು ವಾರ ಸಮಯ ಕೊಡಿ ಎಂದು ಅಂಗಲಾಚಿದ್ದ. ರೂಲು ಅಂದರೆ ರೂಲು ಎಂದು ಮಾರ್ಕರನ್ನು ಅವನ ಕೈಗೆ ತುರುಕಿದವನು ನೋರ್ಬರ್ಟ್. ಅದನ್ನು ಇಂದ್ರೇಶ ಮರೆತಿರಲಾರ. ಮರೆತವನಂತೆ ಕೂತಿದ್ದಾನೆ. ಎಲ್ಲರೂ ಸೇರಿ ತನ್ನ ಸುಳ್ಳಿಗೆ ಜಾಗ ಮಾಡಿಕೊಟ್ಟಿದ್ದಾರೆ. ಎಷ್ಟು ಪ್ರೀತಿ, ಎಷ್ಟು ನಾಚಿಕೆ! ನೋರ್ಬರ್ಟ್‌ಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸುಸ್ತು ಬಂತು. ಒಂದು ದಿನದ ಸುಸ್ತಲ್ಲ. ನಾಲ್ಕು ವರ್ಷ, ಎಲ್ಲೋ ಹನ್ನೆರಡು ಸಾವಿರ ಕಿಲೋಮೀಟರ್ ದೂರದಲ್ಲಿ ಬೀಳುವ ಒಂದೊಂದು ಚೆಂಡಿಗೂ ಇಲ್ಲಿ ಉಸಿರು ಬಿಗಿಹಿಡಿದ ಸುಸ್ತು. ನನಗೇ ಇಷ್ಟಾದರೆ ಎಸೆಯುವವನಿಗೆ ಎಷ್ಟಾಗಿರಬೇಡ ಎಂದು ಅವನಿಗೆ ಮೊದಲ ಸಲ ಹೊಳೆಯಿತು.

ಎದ್ದು ಹೋಗಿ ನಿಹಾರಿಕಾಳ ಮುಂದೆ ಕೈ ಚಾಚಿದ. ಅವಳು ಗಂಡನ ಮುಖ ನೋಡಿದಳು. “ಕೊಡಮ್ಮ,” ಎಂದ ಮೇಲೆ ಮಾರ್ಕರ್ ಕೊಟ್ಟಳು. ಆಶ್ಲೆ ಎಂಬ ಹೆಸರಿನ ಮೇಲೆ ಅವನು ಒಂದು ಗೆರೆ ಎಳೆದ. ಗೆರೆ ಸೊಟ್ಟಗಾಯಿತು.

“ಬಿಟ್ಟೆ,” ಎಂದ.

ಕಾರಣ ಹೇಳಿ ಎಂದು ಯಾರೂ ಕೇಳಲಿಲ್ಲ. ನಿಯಮ ಅವನದೇ, ಅವನೇ ಹೇಳಿದ.

“ಸುಸ್ತಾಗಿದೆಯಂತೆ ಅವನಿಗೆ. ನಿನ್ನೆ ಫೋನಲ್ಲಿ ಅವನೇ ಹೇಳಿದ್ದು. ನಾನು ಕಿವಿಗೇ ಹಾಕಿಕೊಳ್ಲಿಲ್ಲ.”

ಇಂದ್ರೇಶ ಎದ್ದು ಅಡುಗೆಮನೆಗೆ ಹೋದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದ. ಆ ಕಿಟ್ ಬ್ಯಾಗು ಅವನಿಗೂ ಭಾರವೇ ಆಗಿತ್ತು. ಅವನು ಹಿಂದಿರುಗಿದ ಮೇಲೆ ಬದರಿನಾಥ ಮೊದಲ ಆಯ್ಕೆಯಾಗಿ ಕಾರಾಬಾಯೊನ ಹೆಸರು ಹೇಳಿದ, ಅವನು ನನಗೆ ಬೇಕಾಗಿತ್ತು ಎಂದು ಸೆಡ್ರಿಕ್ ಗೊಣಗಿದ, ಡ್ರಾಫ್ಟು ನಡೆಯಿತು. ನೋರ್ಬರ್ಟ್ ತನ್ನ ಸರದಿ ಬಂದಾಗ ಬಾಯಿಗೆ ಬಂದ ಹೆಸರು ಹೇಳುತ್ತಿದ್ದ. ನಡುವೆ ಫೋನು ತೆಗೆದು, ಮೂರೂ ಕ್ಲಬ್ಬುಗಳಿಗೆ ಮಗನ ವಿಷಯ ಅಲ್ಲಿಗೇ ಬಿಡಿ ಎಂದು ಬರೆದು ಕಳಿಸಿದ.

ನಾಲ್ಕು ಗಂಟೆಯ ಹೊತ್ತಿಗೆ ಮೆಸೇಜು ಬಂತು. ಆಶ್ಲೆ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿದ್ದ. ಪ್ರತಿ ವರ್ಷದ ಅದೇ ಪ್ರಶ್ನೆ: ಯಾರನ್ನು ಇಟ್ಟೆ, ಡ್ಯಾಡ್?

ನೋರ್ಬರ್ಟ್ ಚಾರ್ಟಿನ ಮೇಲಿನ ಸೊಟ್ಟ ಗೆರೆಯನ್ನೊಮ್ಮೆ ನೋಡಿ, ಯಾರನ್ನೂ ಇಲ್ಲ ಎಂದು ಬರೆದ. ರಾತ್ರಿಯೇ ಸಿಡ್ನಿಗೆ ಮರಳುತ್ತೇನೆ, ನಾಳೆ ಬೆಳಿಗ್ಗೆ ನಾನೇ ಏರ್‌ಪೋರ್ಟಿಗೆ ಬರುತ್ತೇನೆ ಎಂದೂ ಸೇರಿಸಿದ.

ಥ್ಯಾಂಕ್ಸ್ ಎಂದು ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು:

ಮಮ್ಮಿಗೆ ಈಗ ಫೋನು ಮಾಡಿ ಹೇಳಿದೆ. ಊಟ ಆಯ್ತಾ ಅಂತ ಕೇಳಿದಳು, ಅಷ್ಟೇ.