ಹತ್ತು ನಿಮಿಷದ ಅಡುಗೆಮನೆ

ಆರನೆಯ ಹಾಲಿನ ಕವರನ್ನು ಒಳಗು ಹೊರಗು ಮಾಡಿ, ಮೂಲೆಗೆ ಅಂಟಿದ ಕೆನೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಕಿಟಕಿಯ ದಾರಕ್ಕೆ ನೇತುಹಾಕಿ ಅವಳು ಮೈಭಾರವನ್ನು ಬಲಗಾಲಿಗೆ ಬದಲಾಯಿಸಿಕೊಂಡಳು. ಇನ್ನೂ ಎಂಟು ಕವರು ಸಿಂಕಿನಲ್ಲಿ ತೇಲುತ್ತಿದ್ದವು. ದಿನಕ್ಕೆ ಎರಡರಂತೆ ತೊಳೆದು ಒಣಗಿಸಬೇಕಾದದ್ದು. ಈ ವಾರ ಆಗಿರಲಿಲ್ಲ. ಆಗದ್ದೆಲ್ಲ ಗುಡ್ಡೆಯಾಗಿ ಭಾನುವಾರದ ತಲೆಗೆ ಬಂದಿತ್ತು. ಅದೂ ಎಂಥ ಭಾನುವಾರ? ಹನ್ನೊಂದು ಗಂಟೆಗೆ ಕಟ್ಟಡದ ನಿವಾಸಿಗಳ ಸಂಘದವರು ಇವಳ ಅಡುಗೆಮನೆ ನೋಡಲು ಬರುವವರಿದ್ದರು.

“ದಾರದ ಮೇಲಿರೋದನ್ನ ತೆಗೀಬೇಡ ಕಣೇ, ಅವರು ಬಂದಾಗ ಕಾಣಬೇಕು,” ನಡುಮನೆಯಿಂದ ಗಂಡ ಕೂಗಿ ಹೇಳಿದ. ಅವನು ಅಲ್ಲಿ ಕುರ್ಚಿಗಳನ್ನು ಜೋಡಿಸುತ್ತಿದ್ದ.

“ಒಣಗದೆ ಹೇಗ್ ತೆಗೀಲಿ ರೀ?”

“ಹಾಂ, ಹಾಗೇ ಇರ್ಲಿ. ನೋಡೋಕೂ ಚೆನ್ನಾಗಿರುತ್ತೆ.”

ಅಡುಗೆಮನೆಯ ಬಾಗಿಲ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ದಾರದ ಕಡೆ ಕಣ್ಣೆತ್ತಿದರು. “ನಾವೂ ಡಬ್ಬ ತೊಳೆದಿಟ್ಕೋತಿದ್ವಿ, ದಾರ ಸುತ್ತಿಟ್ಕೋತಿದ್ವಿ, ಹರಿದ ಬಟ್ಟೇಲಿ ಒಲೆಕಟ್ಟೆ ಒರೆಸ್ತಿದ್ವಿ. ಆಗ ಅದಕ್ಕೆ ಬಡತನ ಅಂತಿದ್ರು ತಾಯಿ. ಯಾರೂ ನೋಡೋಕೆ ಬರ್ತಿರ್ಲಿಲ್ಲ.”

ಅವಳಿಗೆ ನಗು ಬರಬೇಕಿತ್ತು. ಆದರೆ ನಗುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಏಳನೆಯ ಕವರನ್ನು ಎತ್ತಿಕೊಂಡಳು.

ಇದು ಶುರುವಾಗಿ ಎಂಟು ತಿಂಗಳಾಗಿತ್ತು. ಗಂಡ ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಯಾರೋ ಬಂದು ಭಾಷಣ ಮಾಡಿ, ಊರಾಚೆಯ ಕಸದ ಬೆಟ್ಟದ ಚಿತ್ರ ತೋರಿಸಿದ್ದರು. ಬೆಟ್ಟದ ತುದಿಯಲ್ಲಿ ಒಂದು ಹಸು ಪ್ಲಾಸ್ಟಿಕ್ಕನ್ನು ಅಗಿಯುತ್ತ ನಿಂತಿತ್ತಂತೆ. ಅವತ್ತು ಅವನಿಗೆ ಊಟ ಸೇರಲಿಲ್ಲ. ನಾಟಕವಲ್ಲ, ಅವನ ಜೀವವೇ ಅಂಥದ್ದು. ಬೀದಿನಾಯಿ ಕುಂಟಿದರೂ ಇವನ ಕಾಲು ನೋಯುತ್ತದೆ. “ಇನ್ಮೇಲೆ ನಮ್ಮನೆಯಿಂದ ಒಂದು ಹಿಡಿ ಕಸ ಆಚೆ ಹೋಗಬಾರದು. ನಾವು ಮಾಡೋಣ,” ಎಂದ. ಅವಳಿಗೂ ಸರಿಯೆನಿಸಿತ್ತು. ಆ ‘ನಾವು’ ಎನ್ನುವುದರಲ್ಲಿ ಎಷ್ಟು ಜನ ಇರುತ್ತಾರೆ ಎಂದು ಅವತ್ತೇ ಕೇಳಬೇಕಿತ್ತು.

ಮೊದಲು ಬಾಲ್ಕನಿಗೆ ಮೂರು ಮಣ್ಣಿನ ಮಡಕೆ ಬಂದವು, ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡುವುದಕ್ಕೆ. ಅದು ಅವಳಿಗೆ ನಿಜಕ್ಕೂ ಹಿಡಿಸಿತು. ಸಿಪ್ಪೆಯ ಮೇಲೆ ಒಣಗಿದ ಎಲೆ ಉದುರಿಸಿ, ಕಡ್ಡಿಯಿಂದ ಕೆದಕಿ ಮುಚ್ಚಿಟ್ಟರೆ ಆರು ವಾರಕ್ಕೆ ಕಪ್ಪಗೆ, ಮಳೆ ಬಿದ್ದ ನೆಲದ ವಾಸನೆಯ ಮಣ್ಣು. ಆಮೇಲೆ ಬಂದವು ಐದು ಡಬ್ಬಗಳು. ಎಂಟನೇ ತರಗತಿಯ ಮಗಳು ಅವಕ್ಕೆಲ್ಲ ಬಣ್ಣದಲ್ಲಿ ಹೆಸರು ಬರೆದು ಅಂಟಿಸಿದಳು: ಕಾಗದ, ಗಾಜು, ಲೋಹ, ಪ್ಲಾಸ್ಟಿಕ್, ಕೊನೆಯದಕ್ಕೆ ‘ಗೊತ್ತಿಲ್ಲ’. ಎಲ್ಲಕ್ಕಿಂತ ಬೇಗ ತುಂಬುವುದು ಆ ಕೊನೆಯದೇ. ಕಾಗದದ ಕರವಸ್ತ್ರ ಹೋಗಿ ಬಟ್ಟೆಯವು ಬಂದವು, ಬಟ್ಟೆಯವನ್ನು ಒಗೆಯಬೇಕು. ಅಂಗಡಿಯ ಸೋಪು ಹೋಗಿ ನಿಂಬೆಸಿಪ್ಪೆ ಕೊಳೆಸಿದ ನೀರು ಬಂತು. ಅದರಲ್ಲಿ ಜಿಡ್ಡು ಹೋಗಬೇಕಾದರೆ ಎರಡು ಸಲ ತಿಕ್ಕಬೇಕು. ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹೊರಬೇಕು. ಅಂಗಡಿಗೆ ಹೋಗುವಾಗ ಒಂಬತ್ತು ಖಾಲಿ ಡಬ್ಬ ಜೊತೆಗೆ ಹೋಗಬೇಕು, ಬರುವಾಗ ಒಂಬತ್ತೂ ತುಂಬಿ ಬರಬೇಕು.

ಗಂಡ ಕೈಕಟ್ಟಿ ಕೂತವನೇನಲ್ಲ. ಡಬ್ಬಗಳನ್ನು ತಂದವನು ಅವನೇ. ಮಡಕೆಗೆ ತೂತು ಕೊರೆದವನೂ ಅವನೇ. ತರುವುದು, ಕೊರೆಯುವುದು ಒಂದೇ ದಿನದ ಕೆಲಸ. ದಿನಾ ಮಾಡುವ ಕೆಲಸಕ್ಕೆ ಮಾತ್ರ ಅವನ ಕೈ ಹೇಗೋ ತಪ್ಪಿಸಿಕೊಂಡುಬಿಡುತ್ತಿತ್ತು.

ಅವಳ ಕೆಲಸ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ. ಸ್ಟಾಪ್‌ವಾಚ್ ಹಿಡಿದು ಹೊಲಿಯುವವರ ಬೆನ್ನ ಹಿಂದೆ ನಿಂತು, ಒಂದು ಕಾಲರಿಗೆ ಎಷ್ಟು ಸೆಕೆಂಡು, ಒಂದು ಗುಂಡಿಗೆ ಎಷ್ಟು ಎಂದು ಅಳೆಯುವುದು. ಅವಳು ಬರೆದುಕೊಟ್ಟ ಹೊತ್ತಿನ ಮೇಲೆ ಗಂಟೆಗೆ ಇಷ್ಟು ಅಂಗಿ ಎಂಬ ಗುರಿ ನಿಲ್ಲುತ್ತದೆ. ಅಲ್ಲಿನ ಹೆಂಗಸರು ಅವಳಿಗೆ ಇಟ್ಟ ಹೆಸರು ಗಡಿಯಾರದಕ್ಕ. “ಗಡಿಯಾರದಕ್ಕ ಬಂದ್ರು, ಕೆಮ್ಮೋದಿದ್ರೆ ಈಗ್ಲೇ ಕೆಮ್ಕೊಳ್ರೇ,” ಎಂದು ಅವಳ ಕಿವಿಗೆ ಬೀಳುವಂತೆಯೇ ಹೇಳುತ್ತಾರೆ. ಆದರೆ ಅಳೆದ ಹೊತ್ತನ್ನು ಹಾಗೇ ಬರೆಯುವಂತಿಲ್ಲ. ದಣಿವಿಗೆಂದು ನೂರಕ್ಕೆ ಹನ್ನೆರಡು ಸೇರಿಸಬೇಕು. ನೀರು ಕುಡಿಯುವುದಕ್ಕೆ, ಸೊಂಟ ನೆಟ್ಟಗೆ ಮಾಡುವುದಕ್ಕೆ, ಸುಮ್ಮನೆ ಒಂದು ಉಸಿರು ಬಿಡುವುದಕ್ಕೆ. ಹದಿನೇಳು ವರ್ಷದಲ್ಲಿ ಆ ಹನ್ನೆರಡನ್ನು ಅವಳು ಒಮ್ಮೆಯೂ ಮರೆತಿರಲಿಲ್ಲ.

ಆ ಹದಿನೇಳು ವರ್ಷ ನಿಂತದ್ದು ಅವಳ ಎಡಗಾಲಿನಲ್ಲಿ ಉಳಿದುಕೊಂಡಿತ್ತು. ಮೀನಖಂಡದಲ್ಲಿ ನರ ಹಗ್ಗದಂತೆ ಉಬ್ಬಿ ತಿರುಚಿಕೊಂಡಿತ್ತು. ಡಾಕ್ಟರಮ್ಮ ನೇರವಾಗಿ ಹೇಳಿದ್ದರು: “ದಿನಾ ಸಂಜೆ ಅರ್ಧ ಗಂಟೆ ಕಾಲನ್ನ ಗೋಡೆಗೆ ಎತ್ತಿಟ್ಟು ಮಲಗಿ. ಮಾತ್ರೆಗಿಂತ ಅದೇ ಔಷಧಿ. ಬಿಟ್ರೆ ಆಪರೇಷನ್ನೇ ಗತಿ.” ಎರಡು ವರ್ಷ ಅವಳು ಆ ಅರ್ಧ ಗಂಟೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡಿದ್ದಳು. ಸಂಜೆ ಆರೂವರೆಯಿಂದ ಏಳು. ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಮಗಳೂ ತಟ್ಟುತ್ತಿರಲಿಲ್ಲ. ಕಾಲಿನ ಭಾರ ಇಳಿದಂತೆ ತಲೆಯೊಳಗಿನದೂ ಇಳಿಯುತ್ತಿತ್ತು. ಏನೂ ಯೋಚಿಸದೆ ಸೂರನ್ನು ನೋಡುವುದು ಎಷ್ಟು ದೊಡ್ಡ ಸುಖ ಎಂದು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಎಲ್ಲಿ ಕರಗಿಹೋಗುತ್ತದೋ ಎಂದು.

ಹೇಳದೆಯೂ ಕರಗಿತು. ಮೊದಲು ಕರವಸ್ತ್ರಕ್ಕೆ ಹತ್ತು ನಿಮಿಷ, ಆಮೇಲೆ ಡಬ್ಬ, ಆಮೇಲೆ ಕವರು. ಈಗ ಮೂರು ತಿಂಗಳಿಂದ ಆ ಬಾಗಿಲು ಮುಚ್ಚಿಯೇ ಇರಲಿಲ್ಲ. ಹೋದ ವಾರ ಪಾದ ಊದಿ ಚಪ್ಪಲಿಯ ಪಟ್ಟಿ ಹತ್ತಲಿಲ್ಲ. “ತುಂಬ ಹೊತ್ತು ಹಿಡಿಯುತ್ತೆ ರೀ,” ಎಂದು ಒಮ್ಮೆ ಅಂದಿದ್ದಳು. “ಮೊದಮೊದಲು ಹಾಗೇ ಕಣೇ,” ಎಂದು ಅವನು ಕನಿಕರದಿಂದಲೇ ಹೇಳಿ, ಮಾರನೆಯ ದಿನ ಯಾವ ಕೆಲಸ ಯಾವಾಗ ಮಾಡಬೇಕೆಂಬ ಚಾರ್ಟು ಬರೆದು ಫ್ರಿಜ್ಜಿನ ಮೇಲಿಟ್ಟ. ಅಂಟಿಸಿದವಳು ಇವಳೇ.

ಹಾಗಾಗಿ ಒಂದು ಬುಧವಾರ, ಕಸುಬಿನ ಚಟಕ್ಕೆ, ತನ್ನ ಅಡುಗೆಮನೆಯನ್ನು ತಾನೇ ಅಳೆದಿದ್ದಳು. ಅಡುಗೆ ಬಿಟ್ಟು, ಪಾತ್ರೆ ಬಿಟ್ಟು, ಬರೀ ಈ ಹೊಸ ಕೆಲಸಗಳು. ಒಂದು ಗಂಟೆ ಐವತ್ತು ನಿಮಿಷ. ದಣಿವಿನದ್ದು ಸೇರಿಸದೆ.

ಹನ್ನೊಂದಕ್ಕೆ ಸರಿಯಾಗಿ ಎಂಟು ಜನ ಬಂದರು. ಚಪ್ಪಲಿ ಬಿಟ್ಟು, ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತ ಅಡುಗೆಮನೆಗೆ ತೂರಿದರು. ಗಂಡನ ಮುಖ ಮದುಮಗನ ಮುಖದಂತೆ ಬೆಳಗುತ್ತಿತ್ತು. ಮಡಕೆಯ ಮುಚ್ಚಳ ತೆಗೆದು ಎಲ್ಲರ ಮೂಗಿಗೂ ಹಿಡಿದ. “ನೋಡಿ, ವಾಸನೆ ಇದೆಯಾ? ಇಲ್ಲ!”

ಸಂಘದ ಅಧ್ಯಕ್ಷರು, ಹೊಟ್ಟೆ ಮುಂದು ತಾವು ಹಿಂದು ಬರುವ ಮನುಷ್ಯ, ಐದು ಡಬ್ಬಗಳ ಮುಂದೆ ನಿಂತು ಓದಿದರು. “ನಮ್ಮನೇಲಿ ‘ಗೊತ್ತಿಲ್ಲ’ ಡಬ್ಬ ಒಂದೇ ಇರೋದು. ಏನ್ ಕೇಳಿದ್ರೂ ನಾನು ಅದನ್ನೇ ಹೇಳೋದು.” ಎಲ್ಲರೂ ನಕ್ಕರು. ಅವರ ಹೆಂಡತಿ ಮಾತ್ರ, “ನಿಜಾನೇ ಹೇಳ್ತಿದಾರೆ,” ಎಂದು ದಾರದ ಮೇಲಿನ ಕವರುಗಳನ್ನು ಎಣಿಸುವಂತೆ ನೋಡಿದರು.

ಗುಂಪಿನ ಹಿಂದೆ ಕೆಳಗಿನ ಮಹಡಿಯ ಹುಡುಗಿ ನಿಂತಿದ್ದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ, ಸೊಂಟದ ಮೇಲೆ ಏಳು ತಿಂಗಳ ಕೂಸು. ಕೂಸು ಅವಳ ಕೂದಲನ್ನು ಹಗ್ಗದಂತೆ ಜಗ್ಗುತ್ತಿತ್ತು. ಎಲ್ಲರೂ ಸುಮ್ಮನಾದಾಗ ಅವಳು ಕೇಳಿದಳು, “ಅಕ್ಕಾ, ಇದಕ್ಕೆಲ್ಲ ದಿನಾ ಎಷ್ಟು ಹೊತ್ತು ಬೇಕಾಗುತ್ತೆ?”

ಕೇಳಿದ್ದು ಇವಳನ್ನು. ಇವಳು ಬಾಯಿ ತೆರೆಯುವಷ್ಟರಲ್ಲಿ ಗಂಡ ಉತ್ತರಿಸಿಯಾಗಿತ್ತು.

“ಹತ್ತು ನಿಮಿಷ! ಅಭ್ಯಾಸ ಆಗ್ಬಿಟ್ರೆ ಹತ್ತೇ ನಿಮಿಷ ಸಾಕಮ್ಮ. ಅಲ್ವೇನೇ?”

ಅವಳು ಅವನ ಮುಖ ನೋಡಿದಳು. ಸುಳ್ಳು ಹೇಳುವಾಗ ಅವನ ಎಡ ಹುಬ್ಬು ಕುಣಿಯುತ್ತದೆ. ಇಪ್ಪತ್ತು ವರ್ಷದಿಂದ ನೋಡಿದ್ದಾಳೆ. ಹುಬ್ಬು ಅಲುಗಲಿಲ್ಲ. ಅವನು ಅದನ್ನು ನಂಬಿದ್ದ. ಒಂದೇ ಗೂಡಿನಲ್ಲಿದ್ದು, ದಿನಾ ಸಂಜೆ ಅವಳ ಬೆನ್ನಿಗೆ ಮೂರು ಮಾರು ದೂರದಲ್ಲಿ ಪೇಪರು ಓದುತ್ತಿದ್ದು, ಅವನಿಗೆ ಕಂಡದ್ದು ಹತ್ತು ನಿಮಿಷ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

“ಅಭ್ಯಾಸ ಆಗ್ಬೇಕು,” ಎಂದಷ್ಟೇ ಹೇಳಿ ಅವಳು ಚಹಾದ ನೀರಿಡಲು ತಿರುಗಿದಳು.

“ಹಾಗಿದ್ರೆ ಮುಂದಿನ ತಿಂಗಳಿಂದ ಎಲ್ಲಾ ಮನೆಗಳಲ್ಲೂ ಶುರು ಮಾಡೋಣ. ಹತ್ತು ನಿಮಿಷ ಯಾರಿಗೆ ಇಲ್ಲ?” ಅಧ್ಯಕ್ಷರು ಅಂದರು. ಚಹಾ ಕುಡಿದು, ಗೊಬ್ಬರವನ್ನು ಚಿಟಿಕೆ ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡು ಎಲ್ಲರೂ ಹೊರಟರು.

ಕೆಳಗಿನ ಹುಡುಗಿ ಬಾಗಿಲಲ್ಲಿ ಹಿಂದೆ ಉಳಿದಳು. ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು, “ಹದಿನೈದು ದಿನದಿಂದ ನಾನೂ ಮಾಡ್ತಿದೀನಿ ಅಕ್ಕಾ. ನಂಗೆ ಒಂದೂ ಕಾಲು ಗಂಟೆ ಹಿಡಿಯುತ್ತೆ. ಕೂಸು ಅಳ್ತಾ ಇರುತ್ತೆ, ನಾನು ಡಬ್ಬ ತೊಳೀತಾ ಇರ್ತೀನಿ. ಏನೋ ನನ್ನ ಕೈಯೇ ನಿಧಾನ ಅನ್ಸುತ್ತೆ. ಅಮ್ಮನೂ ಹಾಗೇ ಬಯ್ಯೋಳು.”

ಕಾರ್ಖಾನೆಯಲ್ಲಿ ಯಾರಾದರೂ ಹೊತ್ತನ್ನು ಕಡಿಮೆ ಬರೆದುಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಲೆಕ್ಕ ತಪ್ಪು ಎಂದು ಯಾರೂ ಅನ್ನುವುದಿಲ್ಲ. ಯಾವುದೋ ಹುಡುಗಿ ತನ್ನ ಕೈಯನ್ನೇ ಬೈದುಕೊಳ್ಳುತ್ತ ಊಟದ ಹೊತ್ತಿನಲ್ಲೂ ಹೊಲಿಯುತ್ತಿರುತ್ತಾಳೆ.

“ನಿನ್ ಕೈ ನಿಧಾನ ಅಲ್ಲ,” ಎಂದಳು. “ನಂಗೆ ಒಂದು ಗಂಟೆ ಐವತ್ತು ನಿಮಿಷ.”

ಹುಡುಗಿ ಕಣ್ಣರಳಿಸಿದಳು. “ಮತ್ತೆ ಅಣ್ಣ...?”

“ಅವರು ಅಳೆದಿಲ್ಲ. ಹೋಗು, ಕೂಸಿಗೆ ನಿದ್ದೆ ಬಂದಿದೆ.”

ಹುಡುಗಿ ಮೆಟ್ಟಿಲಿಳಿದಳು. ಅರ್ಧ ದಾರಿಯಲ್ಲಿ ಒಮ್ಮೆ ನಿಂತು, ಮೇಲೆ ನೋಡಿ, ನಕ್ಕು, ಮತ್ತೆ ಇಳಿದಳು.

ಒಳಗೆ ಗಂಡ ಕುರ್ಚಿಗಳನ್ನು ಸ್ವಸ್ಥಾನಕ್ಕೆ ಎಳೆಯುತ್ತಿದ್ದ. ಗೆದ್ದು ಬಂದವನ ಗತ್ತು. “ಎಷ್ಟು ಚೆನ್ನಾಗಾಯ್ತಲ್ವಾ? ನನಗೊಂದು ಹೊಳೀತು ನೋಡು. ಹಾಲಿನ ಕವರೇ ಬೇಡ. ಕ್ಯಾನ್ ತಗೊಂಡು ಡೈರಿಗೇ ಹೋಗಿ ತಂದ್ರಾಯ್ತು. ನೀನು ಹೇಗೂ ಐದಕ್ಕೇ ಏಳ್ತೀಯಲ್ಲ.”

“ಹೇಗೂ ಎದ್ದಿರ್ತಾಳೆ, ಹಸೂನೂ ಅವಳೇ ಕರೆದುಬಿಡ್ಲಿ,” ಅತ್ತೆ ಬೆಳ್ಳುಳ್ಳಿ ಸಿಪ್ಪೆ ಕೊಡವಿದರು.

“ಅಮ್ಮಾ, ನೀನೊಬ್ಳು!” ಅವನು ನಕ್ಕ. ಅವಳ ಕಡೆ ತಿರುಗಿ, “ಏನಂತೀಯ?”

“ನೋಡೋಣ,” ಎಂದಳು.

ಸಿಂಕಿನಲ್ಲಿ ಹನ್ನೆರಡು ಲೋಟಗಳು, ಮೇಲೆ ನಾಲ್ಕು ಒದ್ದೆ ಕರವಸ್ತ್ರ. ಉಳಿದ ಕವರುಗಳು ಪಕ್ಕದ ಬೋಗುಣಿಯಲ್ಲಿ. ಅವಳು ನಲ್ಲಿಗೆ ಕೈಯಿಟ್ಟು, ತಿರುಗಿಸದೆ ನಿಂತಳು. ಎಡಗಾಲಿನ ನರ ಒಳಗೊಳಗೇ ಮಿಡಿಯುತ್ತಿತ್ತು.

ಹತ್ತು ನಿಮಿಷ. ಎಂಟು ಜನರ ಮುಂದೆ ಹೇಳಿಯಾಗಿದೆ. ಹತ್ತು ನಿಮಿಷದೊಳಗೆ ಏನು ಮುಗಿಯುತ್ತದೆ? ಮಡಕೆಯ ಕೆಲಸ ಮುಗಿಯುತ್ತದೆ. ಸಿಪ್ಪೆ ಹಾಕಿ, ಎಲೆ ಉದುರಿಸಿ, ಕೆದಕಿ ಮುಚ್ಚುವುದಕ್ಕೆ ಏಳು, ಏಳೂವರೆ. ನೂರಕ್ಕೆ ಹನ್ನೆರಡು ಸೇರಿಸಿದರೂ ಹತ್ತರೊಳಗೇ. ಮಡಕೆಯನ್ನು ಅವಳು ಬಿಡುವುದಿಲ್ಲ. ಆ ಮಣ್ಣು ಅವಳದು. ಕವರು, ಕರವಸ್ತ್ರ, ಒಂಬತ್ತು ಡಬ್ಬ, ನಿಂಬೆನೀರು ಎಲ್ಲ ಎಲ್ಲಿವೆಯೋ ಅಲ್ಲೇ ಇರಲಿ. ಯಾರ ಕಣ್ಣಿಗೆ ಬೀಳುತ್ತವೋ ಅವರು ಎತ್ತಿಕೊಳ್ಳಲಿ. ಬೀಳದಿದ್ದರೆ ಬೀಳುವವರೆಗೂ ಇರಲಿ. ನಾಳೆಯಿಂದಲ್ಲ, ಈಗಿನಿಂದಲೇ.

ಯಾರಿಗೂ ಹೇಳುವುದು ಬೇಡ. ಹೇಳಿದರೆ ಚರ್ಚೆಯಾಗುತ್ತದೆ, ಚರ್ಚೆಯಾದರೆ ಇನ್ನೊಂದು ಚಾರ್ಟಾಗುತ್ತದೆ.

ಅವಳು ನಲ್ಲಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

“ಎಲ್ಲಿಗೇ?” ಪೇಪರಿನಿಂದ ತಲೆಯೆತ್ತದೆ ಗಂಡ ಕೇಳಿದ.

“ಇಲ್ಲೇ,” ಎಂದು ಅವಳು ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.