ಕೆಂಪಿಗೆ ಎರಡು ಕೊಳವೆ

ಮಾವನ ಹಳೆಯ ಪಿಕಪ್ ಗಾಡಿಗೆ ಕೆಂಪಿ ಎಂದು ಹೆಸರು. ಹೆಸರಿಗೆ ಕಾರಣವಾದ ಕೆಂಪು ಬಣ್ಣ ಈಗ ಬಾಗಿಲಿನ ಒಳಮಗ್ಗುಲಲ್ಲಿ ಮಾತ್ರ ಉಳಿದಿದೆ, ಹೊರಗಿನದನ್ನೆಲ್ಲ ಬಿಸಿಲು ತಿಂದು ತೇಗಿದೆ. ಆದರೂ ಬೆಳಗಾದರೆ ಒದ್ದೆ ಬಟ್ಟೆಯಿಂದ ಅದರ ಮೈ ಒರೆಸದೆ ಮಾವ ಚಹಾ ಕುಡಿಯುವವರಲ್ಲ. "ಚಿಕ್ಕವನಿದ್ದಾಗ ನನ್ನನ್ನೂ ಹೀಗೇ ಒರೆಸಿದ್ರೆ ನಾನೂ ಮಿಂಚ್ತಿದ್ದೆ" ಎಂದು ಮಗ ಕೆಣಕಿದರೆ, "ನೀನೂ ಇಷ್ಟು ಭಾರ ಹೊತ್ತಿದ್ರೆ ಒರೆಸ್ತಿದ್ದೆ" ಎಂದು ಬಾಯಿ ಮುಚ್ಚಿಸುತ್ತಾರೆ.

ಕೆಂಪಿ ಹೊರುವ ಭಾರವೆಲ್ಲ ಸೊಸೆಯದು. ಅವಳು ವೆಲ್ಡಿಂಗ್ ಕೆಲಸದವಳು. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಗೇಟು, ಕಿಟಕಿಯ ಗ್ರಿಲ್, ಮೆಟ್ಟಿಲ ಕಂಬಿ ಮಾಡುತ್ತಾಳೆ. ಮಾವ ಅವನ್ನು ಕೆಂಪಿಯ ಬೆನ್ನಿಗೆ ಹಗ್ಗದಲ್ಲಿ ಬಿಗಿದು, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಮನೆಗೆ ಮುಟ್ಟಿಸುತ್ತಾರೆ. ಮದುವೆಯಾದ ಹೊಸತರಲ್ಲಿ, ಹೆಂಗಸಿಗೇಕೆ ಈ ಬೆಂಕಿಯ ಕೆಲಸ ಎಂದು ಮೂಗು ಮುರಿದ ನೆಂಟರಿಗೆ "ನಿಮ್ಮನೆ ಗೇಟು ಮುರಿದಾಗ ಬರ್ತೀರಲ್ಲ, ಆಗ ಅವಳೇ ಹೇಳ್ತಾಳೆ" ಎಂದವರು ಇದೇ ಮಾವ. ಅವತ್ತಿನಿಂದ ಅವರು ಗಂಡನ ಅಪ್ಪ ಅನ್ನುವುದು ಅವಳಿಗೆ ಮರೆತೇಹೋಗಿದೆ. ಅವರು ಅವಳ ಕಡೆಯವರು, ಅಷ್ಟೆ.

ಇಂಥ ಮಾವ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು, ಕೆಂಪಿಗೆ ಒಂದೇ ಹೊಗೆ ಕೊಳವೆ ಸಾಲದು, ಎಡಕ್ಕೊಂದು ಬಲಕ್ಕೊಂದು ಬೇಕು ಎಂದು ಪಟ್ಟು ಹಿಡಿದರು.

"ಈ ವಯಸ್ಸಲ್ಲಿ ಯಾಕ್ ಮಾವ ಶೋಕಿ?"

"ಶೋಕಿ ನನಗಲ್ಲ ಕಣೇ, ಅವಳಿಗೆ. ಗಂಟಲು ಕಟ್ಟಿಬಿಟ್ಟಿದೆ ಪಾಪ. ಪ್ಲಗ್ ಬದಲಾಯಿಸ್ದೆ, ಫಿಲ್ಟರ್ ಬದಲಾಯಿಸ್ದೆ, ದನಿ ಏಳ್ತಾನೇ ಇಲ್ಲ. ಮೊದ್ಲು ಹೇಗೆ ಗುಡುಗ್ತಿದ್ಲು!"

ಸೊಸೆ ಮುಖ ತಿರುಗಿಸಿ ಗ್ಲೌಸು ಹುಡುಕುವವಳಂತೆ ಮಾಡಿದಳು. ಕೆಂಪಿಯ ಗಂಟಲಿಗೆ ಏನೂ ಆಗಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ವಾರ ಗಾಡಿಯನ್ನು ರಿವರ್ಸ್ ತೆಗೆಯುವಾಗ, ಅವಳು ಹಿಂದೆ ನಿಂತು "ನಿಲ್ಲಿಸಿ, ನಿಲ್ಲಿಸಿ" ಎಂದು ಗಂಟಲು ಹರಿಯುವಂತೆ ಕೂಗಿದ್ದಳು. ಮಾವ ಹಾಯಾಗಿ ಹಿಂದಕ್ಕೆ ಬಂದು, ಬಣ್ಣ ಹಚ್ಚಿ ಒಣಗಲಿಟ್ಟಿದ್ದ ಗೇಟಿಗೆ ಗುದ್ದಿದರು. ಇಳಿದು ಬಂದು "ಒಂದು ಮಾತು ಕೂಗಬಾರದಿತ್ತಾ?" ಎಂದು ಅವಳನ್ನೇ ಗದರಿದಾಗ ಅವಳಿಗೆ ಅನುಮಾನ ಹುಟ್ಟಿತು. ಆಮೇಲೆ ಕಣ್ಣಿಟ್ಟು ನೋಡಿದಳು. ಎದುರಿಗೆ ನಿಂತು ಮಾತಾಡಿದರೆ ಮಾವ ತುಟಿ ನೋಡಿಕೊಂಡು ಸಲೀಸಾಗಿ ಉತ್ತರ ಕೊಡುತ್ತಾರೆ, ಬೆನ್ನ ಹಿಂದೆ ಕಬ್ಬಿಣದ ರಾಶಿಯೇ ಉರುಳಿದರೂ ತಿರುಗುವುದಿಲ್ಲ. ಜೀವಮಾನವಿಡೀ ಇಂಜಿನ್ನಿನ ದನಿ ಕೇಳಿಯೇ ಗೇರು ಬದಲಾಯಿಸಿದ ಮನುಷ್ಯ. ಈಗ ಎರಡನೇ ಗೇರಿನಲ್ಲೇ ಕೆಂಪಿಯನ್ನು ಅರಚಿಸುತ್ತ ಪೇಟೆ ದಾಟುತ್ತಾರೆ, ಮೇಲಿಂದ "ಉಸಿರೇ ಇಲ್ಲ ಇವಳಿಗೆ" ಎಂದು ಮರುಗುತ್ತಾರೆ.

ಗಂಡನಿಗೆ ಅವಳು ಇದನ್ನು ಹೇಳಿರಲಿಲ್ಲ. ಗೇಟು ತನ್ನ ಕೈಯಿಂದಲೇ ಜಾರಿ ಡೊಂಕಾಯಿತು ಎಂದು ಹಸಿ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದಳು. ಯಾಕೆಂದರೆ ಅದಕ್ಕೂ ಮುಂಚೆ ಯಾರದೋ ಕಾರಿಗೆ ಕೆಂಪಿ ತಾಗಿದಾಗ, "ಇನ್ನೊಂದ್ಸಲ ಹೀಗಾದ್ರೆ ಕೀ ನನ್ನ ಕೈಗೆ ಕೊಟ್ಬಿಡಬೇಕಪ್ಪಾ" ಎಂದು ಅವನು ಊಟದ ಮೇಜಿನಲ್ಲೇ ಖಡಾಖಂಡಿತವಾಗಿ ಹೇಳಿದ್ದ. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಕೀ ಹೋದರೆ ಮಾವ ಮುದುಕರಾಗಿಬಿಡುತ್ತಾರೆ. ಹಾಗಂತ ಸುಮ್ಮನಿದ್ದರೆ, ನಾಳೆ ಗೇಟಿನ ಜಾಗದಲ್ಲಿ ಯಾರ ಮಗು ನಿಂತಿರುತ್ತದೋ. ಹೇಳಲೇಬೇಕಿತ್ತು. ಆದರೆ ಆ ಮುಖ ನೋಡಿಕೊಂಡು 'ನಿಮಗೆ ಕಿವಿ ಕೇಳಿಸುತ್ತಿಲ್ಲ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬಾಯಿ ಬಾರದ್ದಕ್ಕೆ ಅಳತೆ ಟೇಪು ಎತ್ತಿಕೊಂಡಳು.

ಇಬ್ಬರೂ ಗೋಣಿಚೀಲ ಹಾಸಿಕೊಂಡು ಕೆಂಪಿಯ ಹೊಟ್ಟೆಯ ಕೆಳಗೆ ನುಸುಳಿದರು. ಇಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಸಾಲು. ಎರಡೂ ಸಾಲಿನ ಹೊಗೆಯನ್ನು ಕಂಪನಿಯವರು ಒಂದೇ ಕೊಳವೆಗೆ ಕೂಡಿಸಿ, ಒಂದೇ ಸೈಲೆನ್ಸರ್ ದಾಟಿಸಿ, ಬಲಕ್ಕೆ ಬಿಟ್ಟಿದ್ದರು. ಈಗ ಸಾಲಿಗೊಂದು ಕೊಳವೆ ಎಂದರೆ ಬಲಗಡೆಯದು ಹಳೆಯ ದಾರಿಯಲ್ಲೇ ಹೋಗುತ್ತದೆ. ಎಡಗಡೆ ಪೆಟ್ರೋಲ್ ಟ್ಯಾಂಕು ಕಾಲು ಚಾಚಿ ಕೂತಿದೆ. ಅದಕ್ಕೆ ಕಾವು ತಾಗಬಾರದು. ಹೊಂಡ ಬಂದಾಗ ಹಿಂದಿನ ಚಕ್ರಗಳ ಆಕ್ಸಲ್ ಮೇಲಕ್ಕೇಳುತ್ತದೆ, ಅದಕ್ಕೂ ಜಾಗ ಬಿಡಬೇಕು.

"ಟ್ಯಾಂಕಿಗೆ ಎಷ್ಟು ಜಾಗ ಸಿಕ್ತು ಮಾವ?" ಎಂದು ಅವಳು ಮಲಗಿದಲ್ಲಿಂದಲೇ ಕೇಳಿದಳು.

"ಆಯ್ತಮ್ಮ, ಆಗ್ಲೇ ತಿಂಡಿ ತಿಂದೆ" ಎಂದರು ಮಾವ.

ಅವಳಿಗೆ ನಗು ಬಂತು. ಹೊರಗೆ ಬಂದು, ಅವರ ಎದುರು ಕುಕ್ಕರಗಾಲಲ್ಲಿ ಕೂತು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗಾಡಿಯ ತಳ ಬರೆದಳು. ಕೊಳವೆಗೆ ಮರಳು ತುಂಬಿ ಕಾಯಿಸಿ ಬಗ್ಗಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ ಎಂದಳು. ಎರಡೂ ಕಡೆಯ ಒತ್ತಡ ಸಮನಾಗಲು ನಡುವೆ ಒಂದು ಅಡ್ಡ ಕೊಳವೆ ಎಳೆದಳು.

"ನೀವು ಗಂಡ ಹೆಂಡ್ತಿ ನಡುವೆ ನಾನಿದ್ದೀನಲ್ಲ, ಹಾಗೆ" ಎಂದರು ಮಾವ.

"ಹೂಂ, ಹಾಗೇ. ಆಚೆ ಕೋಪ ಈಚೆಗೆ, ಈಚೆ ಕೋಪ ಆಚೆಗೆ. ಇಲ್ಲಿ ನೋಡಿ, ಎರಡಕ್ಕೂ ಒಂದೊಂದು ಸೈಲೆನ್ಸರ್."

"ಸೈಲೆನ್ಸರ್ ಬೇಡ. ಬರೀ ಕೊಳವೆ, ನೇರಾನೇರ."

"ಬೀದಿಯವರು ಒದ್ದು ಓಡಿಸ್ತಾರೆ ಮಾವ!"

"ಅಷ್ಟೇನೂ ಕೇಳ್ಸಲ್ಲ ಬಿಡೇ."

ಕಾಲ ತಳ್ಳುವುದಕ್ಕೆ ಅವಳ ಹತ್ತಿರ ಇನ್ನೊಂದೇ ಕೆಲಸ ಉಳಿದಿತ್ತು. ಹೊಸ ಕೊಳವೆ ಕೂರಿಸುವ ಮುಂಚೆ ಮೇಲೆ ಇಂಜಿನ್ನಿಗೆ ಸೇರುವ ಜೋಡಣೆಯಲ್ಲಿ ಹೊಗೆ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಬಾನೆಟ್ ಎತ್ತಿ ಇಂಜಿನ್ ಚಾಲು ಮಾಡಿದಳು. ಎಲ್ಲೋ ಟಿಕ್ ಟಿಕ್ ಎಂದು ಸಣ್ಣಗೆ ಸೋರುವ ಸದ್ದು. ಎಲ್ಲಿಯದೆಂದು ತಿಳಿಯಲು ಮೂಲೆಯಲ್ಲಿದ್ದ ಉದ್ದನೆಯ ಕಬ್ಬಿಣದ ಸಲಾಕೆ ತಂದು, ಒಂದು ತುದಿ ಇಂಜಿನ್ನಿಗೆ ಊರಿ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡಳು. ಗಾಡಿ ಕೆಲಸದವರೆಲ್ಲ ಮಾಡುವುದೇ ಹಾಗೆ. ಅವಳಿಗೆ ಅದನ್ನು ಕಲಿಸಿದವರೂ ಮಾವನೇ.

"ಕೊಡಿಲ್ಲಿ, ಅದು ನಿನ್ನ ಕೈಲಿ ಆಗಲ್ಲ" ಎಂದು ಮಾವ ಅಭ್ಯಾಸ ಬಲದಿಂದ ಸಲಾಕೆ ಕಿತ್ತುಕೊಂಡು ಕಿವಿಯ ಹಿಂದೆ ಒತ್ತಿಕೊಂಡರು.

ಮಾವನ ಮುಖ ಅರಳಿತು. ಕಣ್ಣು ದೊಡ್ಡದಾಯಿತು.

"ಬಲಗಡೆ ಸಾಲಲ್ಲಿ ಮೂರನೇದು!" ಎಂದು ಕೂಗಿದರು. "ಗ್ಯಾಸ್ಕೆಟ್ ಹೋಗಿದೆ ಅಲ್ಲಿ! ಅಯ್ಯೋ, ಕೇಳಿಲ್ಲಿ ಹೇಗೆ ಗುಡುಗ್ತಿದಾಳೆ! ಇವಳಿಗೇನು ಧಾಡಿ, ಇವಳ ದನಿ..."

ಸಲಾಕೆ ತೆಗೆದರು. ಮತ್ತೆ ಒತ್ತಿಕೊಂಡರು. ಮತ್ತೆ ತೆಗೆದರು. ಇನ್ನೊಂದು ಕಿವಿಯ ಹಿಂದೆ ಇಟ್ಟು ನೋಡಿ, ಆಮೇಲೆ ನಿಧಾನವಾಗಿ ಕೆಳಗಿಳಿಸಿದರು. ಕೆಂಪಿ ಪಕ್ಕದಲ್ಲೇ ಶೆಡ್ಡಿನ ತಗಡು ನಡುಗುವಂತೆ ಗುಡುಗುತ್ತಿತ್ತು. ಮಾವ ಅದನ್ನು ನೋಡಿದರು, ಸೊಸೆಯನ್ನು ನೋಡಿದರು. ಸೊಸೆಯ ಕಣ್ಣಲ್ಲಿ ನೀರು ನಿಂತಿತ್ತು.

ಅವಳು ಇಂಜಿನ್ ಆರಿಸಿ ಬಂದಾಗ ಮಾವ ಮರದ ಸ್ಟೂಲಿನ ಮೇಲೆ ಕೂತಿದ್ದರು.

"ಯಾವಾಗಿಂದ ಗೊತ್ತು ನಿಂಗೆ?"

"ಗೇಟು ಗುದ್ದಿದ ದಿನದಿಂದ."

"ಅವನಿಗೆ ಹೇಳಿದ್ಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾವ ಜೇಬಿಗೆ ಕೈ ಹಾಕಿ, ಕೆಂಪಿಯ ಇನ್ನೊಂದು ಕೀ ತೆಗೆದು, ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಅವನಿಗೆ ಕೊಡಲ್ಲ. ನೀನಿಟ್ಕೋ" ಎಂದರು. ಮಾವ ಇಷ್ಟು ಸಣ್ಣದಾಗಿ ಕೂತಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಅವಳಿಗೆ ತಡೆಯಲಾಗಲಿಲ್ಲ. ಸಲಾಕೆ ಎತ್ತಿ, ಒಂದು ತುದಿಯನ್ನು ಅವರ ಕಿವಿಯ ಹಿಂದೆ ಇಟ್ಟು ಅವರ ಕೈಯಿಂದಲೇ ಹಿಡಿಸಿದಳು. ಇನ್ನೊಂದು ತುದಿಯನ್ನು ತನ್ನ ಗದ್ದಕ್ಕೆ ಒತ್ತಿಕೊಂಡಳು. ಯಾರಾದರೂ ಆ ಹೊತ್ತಿಗೆ ಗೇಟಿನ ವಿಚಾರಕ್ಕೆ ಒಳಗೆ ಬಂದಿದ್ದರೆ, ಮಾವ ಸೊಸೆ ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಬಂದ ದಾರಿಯಲ್ಲೇ ವಾಪಸು ಹೋಗುತ್ತಿದ್ದರು.

"ಮಾವ, ಮೂಳೆಯಿಂದ ಕೇಳಿಸ್ತದೆ ಅಂದ್ರೆ ಒಳಗೆ ಇನ್ನೂ ಜೀವ ಇದೆ ಅಂತ. ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ. ಅವರು ಆಗಬಹುದು ಅನ್ನೋವರೆಗೆ ನಾನು ಓಡಿಸ್ತೀನಿ, ನೀವು ಪಕ್ಕ ಕೂತು ಬೈರಿ. ಕೊಳವೆ ಎರಡೂ ಹಾಕೋಣ. ಸೈಲೆನ್ಸರ್ ಮಾತ್ರ ಬಿಡೋದಿಲ್ಲ."

ಮಾವ ಕಣ್ಣು ಮುಚ್ಚಿ, ಅವಳ ಮಾತು ಮುಗಿದ ಮೇಲೂ ಸಲಾಕೆಯನ್ನು ಹಾಗೇ ಹಿಡಿದುಕೊಂಡಿದ್ದರು.

"ನಿನ್ನ ದನಿ ಹೀಗಿದೆ ಅಂತಾನೇ ಮರ್ತುಹೋಗಿತ್ತು" ಎಂದರು ಆಮೇಲೆ. "ಗಾಡೀಲಿ ನೀನು ಪಕ್ಕದಲ್ಲೇ ಕೂತಿರ್ತಿದ್ದೆ, ಒಂದು ಮಾತಿಲ್ಲ, ಕತೆಯಿಲ್ಲ. ರಸ್ತೆ ನೋಡ್ತಿದ್ದೋನಿಗೆ ನಿನ್ನ ತುಟಿ ಎಲ್ಲಿ ಕಾಣ್ಬೇಕು? ನಾನೇನೋ ತಪ್ಪು ಮಾಡಿದ್ದೀನಿ, ನನ್ನ ಮೇಲೆ ಸಿಟ್ಟು ಮಾಡ್ಕೊಂಡು ನೀನು ಮಾತು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ. ಈ ಕೊಳವೆ ಕೆಲಸ ಹಚ್ಚಿದ್ರೆ ಎದುರಿಗೆ ಕೂತು ನಾಲ್ಕು ಮಾತಾದ್ರೂ ಆಡ್ತೀಯ ಅಂತ..."

ಆ ರಸ್ತೆಗಳಲ್ಲೆಲ್ಲ ಅವಳು ಬಾಯಿಗೆ ಬಿಡುವು ಕೊಡದೆ ಮಾತಾಡಿದ್ದಳು. ಗಿರಾಕಿಗಳ ಚೌಕಾಸಿ, ಗಂಡನ ಗೊರಕೆ, ಯಾರಿಗೂ ಹೇಳದ ತನ್ನ ಮನಸ್ಸಿನ ಸಂಕಟ, ಎಲ್ಲವನ್ನೂ. ಅದನ್ನೇ ಹೇಳಲು ಬಾಯಿ ತೆರೆದಳು. ಒಂದು ಮಾತೂ ಹೊರಡಲಿಲ್ಲ. ಗದ್ದದ ಮೇಲಿನ ಸಲಾಕೆ ಸಣ್ಣಗೆ ನಡುಗಿತು.

"ಅಳಬೇಡ್ವೇ" ಎಂದರು ಮಾವ, ಕಣ್ಣು ತೆರೆಯದೆ. "ಅದೂ ಕೇಳಿಸ್ತಾ ಇದೆ."